ಲಕ್ಷ್ಯವೂ ಅಲಕ್ಷ್ಯವೂ

ಈ ವರ್ಷದ ಯುಗಾದಿಗೆ ನನ್ನ ತಮ್ಮನ ಮಗಳು ಬೆಂಗಳೂರಿನಿಂದ ಮೈಸೂರಿಗೆ, ನಮ್ಮ ಮನೆಗೆ, ಬಂದಿದ್ದಳು. ಆಕೆ ಅಲ್ಲಿ ಒಂದು ಸಾಫ್ಟ್‌ವೇರ್ ಕಂಪೆನಿಯಲ್ಲಿ ಕೆಲಸಕ್ಕೆ ಸೇರಿ ಆಗ್ಗೆ ಒಂಬತ್ತು ತಿಂಗಳಾಗಿದ್ದಿತು. ಹಬ್ಬದ ಮಾರನೆಯ ದಿನ, ಎಂದರೆ ವರ್ಷತೊಡಕಿನ ದಿನ, ನಾನು ಸ್ನಾನಾದಿಗಳನ್ನು ಮುಗಿಸಿ ಜಗಲಿಗೆ ಬರುವ ವೇಳೆಗೆ ಅವಳು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಕೆನ್ನೆಗೆ ಕೈಕೊಟ್ಟು ಕುಳಿತಿದ್ದಳು. ಆ ದಿನ ಏನು ನಡೆಯುವುದೋ ವರ್ಷವೆಲ್ಲ ಅದೇ ನಡೆಯುವುದೆಂದು ನಮ್ಮ ಹಿರಿಯರ ನಂಬಿಕೆ. ಆ ದಿನ ಮಕ್ಕಳನ್ನು ಬಯ್ಯಲಾಗದು, ಸಾಲ ಮಾಡಲಾಗದು, ಅಳಲಾಗದು. ಈ ಹುಡುಗಿಯಾದರೋ ಸೆರಗಿಲ್ಲದ ಉಡುಪಿನ ತೋಳಿನಿಂದಲೇ ಕಣ್ಣೊರಸಿಕೊಳ್ಳುತ್ತಿದ್ದಳು.

“ಏನಮ್ಮ?” ಎಂದೆನು.

“ಏನಿಲ್ಲ ದೊಡ್ಡಪ್ಪ. ಆಫೀಸಿನಿಂದ ಒಂದು ಫಾರಂ ಬಂದಿದೆ. ನನ್ನ ಗುರಿ ಏನು ಎಂದು ಬರೆದುಕೊಡಬೇಕು. ಐದು ವರ್ಷದ ಮೇಲೆ ಯಾವ ಹುದ್ದೆಯಲ್ಲಿರುತ್ತೀಯೆ, ಈ ವರ್ಷ ಏನೇನು ಸಾಧಿಸುತ್ತೀಯೆ, ಅದನ್ನು ಅಳೆಯುವುದು ಹೇಗೆ, ಎಲ್ಲಾ ಕೇಳಿದ್ದಾರೆ.” ಸ್ವಲ್ಪ ತಡೆದು, ಮಾತನ್ನು ಬೇರೆ ಕಡೆಗೆ ತಿರುಗಿಸಬೇಕೆಂದೋ ಏನೋ, “ಗುರಿಗೆ ಸಂಸ್ಕೃತದಲ್ಲಿ ಏನೆನ್ನುತ್ತಾರೆ ದೊಡ್ಡಪ್ಪ?” ಎಂದಳು.

“ಲಕ್ಷ್ಯ” ಎಂದೆನು.

ಮೂವತ್ತೈದು ವರ್ಷ ಉಪಾಧ್ಯಾಯನಾಗಿದ್ದು ೨೦೨೪ರಲ್ಲಿ ನಿವೃತ್ತನಾದವನು ನಾನು. ಒಂದು ಶಬ್ದವು ಬಾಯಿಗೆ ಬಂದರೆ ಅದರ ಹಿಂದುಮುಂದನ್ನು ನೋಡದೆ ಬಿಡುವ ಅಭ್ಯಾಸ ನನಗಿಲ್ಲ. ಮನೆಯವರಿಗೆ ಇದೊಂದು ಕಷ್ಟವೇ ಸರಿ. ಸಂಸ್ಕೃತದಲ್ಲಿ ಬಾಣವು ನಾಟಬೇಕಾದ ಸ್ಥಾನಕ್ಕೆ ಲಕ್ಷ್ಯವೆಂದು ಹೆಸರು. ಆದರೆ ಕನ್ನಡಿಗರು ಆ ಶಬ್ದವನ್ನು ತಮ್ಮದಾಗಿ ಮಾಡಿಕೊಂಡಾಗ ಅದಕ್ಕೆ ಗಮನವೆಂಬ ಅರ್ಥವನ್ನೂ ಕೊಟ್ಟರು. “ಲಕ್ಷ್ಯವಿಟ್ಟು ಕೇಳು” ಎಂದು ತಾಯಿ ಮಗನಿಗೆ ಹೇಳುವಾಗ ಅಲ್ಲಿ ಬಿಲ್ಲೂ ಇಲ್ಲ, ಬಾಣವೂ ಇಲ್ಲ. ಹಾಗೆಯೇ ಅಲಕ್ಷ್ಯವೆಂದರೆ ನಮ್ಮಲ್ಲಿ ಉಪೇಕ್ಷೆ, ಉದಾಸೀನ. ದೂರದಲ್ಲಿರುವ ಗುರಿಗೂ ಎದುರಿಗಿರುವುದರ ಮೇಲೆ ಇಡುವ ಗಮನಕ್ಕೂ ಒಂದೇ ಶಬ್ದವನ್ನು ಇಟ್ಟುಕೊಂಡಿರುವ ನಮ್ಮ ನುಡಿಯ ಬಗೆಗೆ ನಾನು ತರಗತಿಯಲ್ಲಿ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದುಂಟು. ಇವೆರಡೂ ಒಂದನ್ನೊಂದು ತಿಂದುಹಾಕಬಲ್ಲುವು ಎಂಬ ಸಂಗತಿಯನ್ನು ಮಾತ್ರ ಹೇಳಿರಲಿಲ್ಲ. ಅದು ನನ್ನ ಸ್ವಂತ ಕಥೆಯಾಗಿದ್ದಿತು.

ಅದೇ ರಾತ್ರಿ ತಮ್ಮನು ದೂರವಾಣಿಯಲ್ಲಿ ಮಾತನಾಡಿದನು. “ಅಣ್ಣಾ, ಅವಳು ಕೆಲಸ ಬಿಡುತ್ತೇನೆ ಎನ್ನುತ್ತಿದ್ದಾಳೆ. ರಾತ್ರಿ ನಿದ್ದೆಯಿಲ್ಲವಂತೆ. ಮನೆಯ ಸಾಲದ ಕಂತು ಇನ್ನೂ ಒಂಬತ್ತು ವರ್ಷ ಇದೆ. ನಾನೂ ಇನ್ನೆರಡು ವರ್ಷದಲ್ಲಿ ರಿಟೈರ್ ಆಗುತ್ತೇನೆ. ನೀನು ಹೇಳಿದರೆ ಕೇಳುತ್ತಾಳೆ, ಏನಾದರೂ ಹೇಳು.” ‘ಏನಾದರೂ’ ಎಂದು ಅವನು ಅಂದದ್ದು ನಿಜವಾದರೂ ಏನನ್ನು ಹೇಳಬೇಕೆಂಬುದು ಅವನ ಧ್ವನಿಯಲ್ಲಿಯೇ ಇದ್ದಿತು. ನಾನು ಆಗಲೆಂದು ಒಪ್ಪಿಕೊಂಡೆನು. ಒಪ್ಪಿಕೊಂಡಮೇಲೆ ನನಗೂ ನಿದ್ದೆ ಬರಲಿಲ್ಲ.

ನಾನು ಮೈಸೂರಿನ ಮಹಾರಾಜಾ ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದಿ ವಿದ್ವತ್ ಪರೀಕ್ಷೆಯನ್ನು ಮುಗಿಸಿ, ಅದರ ಮೇಲೆ ಎಂ.ಎ. ಪದವಿಯನ್ನೂ ಪಡೆದು, ೧೯೮೯ರಲ್ಲಿ, ನನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಒಂದು ಹೋಬಳಿ ಊರಿನ ಅನುದಾನಿತ ಪ್ರೌಢಶಾಲೆಗೆ ಉಪಾಧ್ಯಾಯನಾಗಿ ಹೋದೆನು. ನನ್ನ ಗುರಿ ಅದಲ್ಲ. ಕಾಲೇಜಿನಲ್ಲಿ ಅಧ್ಯಾಪಕನಾಗಬೇಕು, ಭರ್ತೃಹರಿಯ ವಾಕ್ಯಪದೀಯದ ಮೇಲೆ ಸಂಶೋಧನೆ ಮಾಡಬೇಕು ಎಂಬುದು ನನ್ನ ಗುರಿ. ಇಷ್ಟು ಸ್ಪಷ್ಟವಾದ ಗುರಿಯು ನನ್ನ ಸಹಪಾಠಿಗಳಲ್ಲಿ ಯಾರಿಗೂ ಇರಲಿಲ್ಲವೆಂದು ನಾನು ಆಗ ತಿಳಿದುಕೊಂಡಿದ್ದೆನು. ಈಗಲೂ ಅದು ಸುಳ್ಳಲ್ಲವೆಂದೇ ತೋರುತ್ತದೆ.

ಆ ಊರಿನಲ್ಲಿ ತಿಂಗಳಿಗೆ ಎಪ್ಪತ್ತು ರೂಪಾಯಿ ಬಾಡಿಗೆಯ ಒಂದು ಕೋಣೆಯನ್ನು ಹಿಡಿದೆನು. ನನ್ನ ಪುಸ್ತಕಗಳು ತಗಡಿನ ಟ್ರಂಕಿನಲ್ಲಿದ್ದುವು. ಟ್ರಂಕಿನ ಚಿಲಕ ಸಡಿಲವಾಗಿದ್ದುದರಿಂದ ತಾಯಿಯು ಅದಕ್ಕೆ ಸೆಣಬಿನ ಹಗ್ಗವನ್ನು ಸುತ್ತಿ ಗಂಟು ಹಾಕಿಕೊಟ್ಟಿದ್ದಳು. ಆ ಗಂಟನ್ನು ನಾನು ಬಿಚ್ಚಲಿಲ್ಲ. ಇಂದೋ ನಾಳೆಯೋ ಕಾಲೇಜಿನಿಂದ ಕಾಗದ ಬರುವುದು, ಮತ್ತೆ ಕಟ್ಟುವ ಕೆಲಸವೇಕೆ ಎಂದು ನನ್ನ ತರ್ಕ. ಬೇಕಾದ ಒಂದೆರಡು ಪುಸ್ತಕಗಳನ್ನು ಮುಚ್ಚಳವನ್ನು ಒಂದು ಗೇಣು ಎತ್ತಿ, ಸಂದಿಯಲ್ಲಿ ಕೈತೂರಿಸಿ ತೆಗೆದುಕೊಳ್ಳುತ್ತಿದ್ದೆನು. ಹೀಗೆ ಒಂದು ವರ್ಷ ಎಂಟು ತಿಂಗಳು ನಡೆಯಿತು. ಶನಿವಾರ ಬೆಳಗಿನ ಶಾಲೆ ಮುಗಿದರೆ ಮೈಸೂರಿನ ಬಸ್ಸು. ಭಾನುವಾರ ಗ್ರಂಥಾಲಯ ಮತ್ತು ಗುರುಗಳ ಮನೆ. ಸೋಮವಾರ ಮೊದಲನೆಯ ಪೀರಿಯಡ್ಡಿಗೆ ಹತ್ತು ನಿಮಿಷ ತಡ.

ಶಾಲೆಯಲ್ಲಿ ಸಂಸ್ಕೃತ ತೆಗೆದುಕೊಂಡಿದ್ದ ಮಕ್ಕಳು ಹದಿನಾಲ್ಕು ಮಂದಿ. ಉಳಿದ ಪೀರಿಯಡ್ಡುಗಳಲ್ಲಿ ನಾನು ಕನ್ನಡವನ್ನು ಹೇಳಿಕೊಡಬೇಕಾಗಿದ್ದಿತು. ಹೇಳಿಕೊಟ್ಟೆನು, ಪಾಠದಲ್ಲಿ ತಪ್ಪಿರಲಿಲ್ಲ. ಆದರೆ ಮಕ್ಕಳ ಮುಖ ನನಗೆ ತಿಳಿದಿರಲಿಲ್ಲ. ಎರಡನೆಯ ವರ್ಷದ ಕೊನೆಯಲ್ಲಿ ಒಂಬತ್ತನೆಯ ತರಗತಿಯ ಮಕ್ಕಳ ನಡತೆಯ ಬಗೆಗೆ ಒಂದೊಂದು ಸಾಲು ಬರೆದುಕೊಡಿರೆಂದು ಮುಖ್ಯೋಪಾಧ್ಯಾಯರು ಪಟ್ಟಿಯನ್ನು ಕಳುಹಿಸಿದರು. ನಾನು ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆನು. ಒಬ್ಬ ಹುಡುಗನ ಹೆಸರಿನ ಎದುರಿಗೆ “ಶಾಂತ ಸ್ವಭಾವದವನು, ಪಾಠದಲ್ಲಿ ಆಸಕ್ತಿಯುಳ್ಳವನು” ಎಂದು ಬರೆದೆನು. ಆ ಹುಡುಗನು ಅಕ್ಟೋಬರ್ ತಿಂಗಳಿನಲ್ಲಿಯೇ ಶಾಲೆಯನ್ನು ಬಿಟ್ಟು ಹೋಗಿದ್ದನು.

ಮುಖ್ಯೋಪಾಧ್ಯಾಯರು ಗದರಿಸಲಿಲ್ಲ. ಬೇರೆ ಯಾರ ಎದುರಿಗೂ ಈ ಮಾತನ್ನೆತ್ತಲೂ ಇಲ್ಲ. ಸಾಯಂಕಾಲ ನನ್ನನ್ನು ಕರೆದು, “ಆ ಹುಡುಗನ ಹಳ್ಳಿ ಇಲ್ಲಿಂದ ಎರಡು ಮೈಲಿ. ಹೋಗಿ ನೋಡಿಕೊಂಡು ಬನ್ನಿ ಸ್ವಾಮಿ” ಎಂದರು, ಅಷ್ಟೆ. ಹೋದೆನು. ಮನೆಯಲ್ಲಿ ಅಜ್ಜಿಯೊಬ್ಬಳೇ ಇದ್ದಳು. ಮೊಮ್ಮಗನು ಕುರಿ ಹೊಡೆದುಕೊಂಡು ಹೋಗಿದ್ದನು. ಆಕೆ ಒಂದು ಲೋಟ ಮಜ್ಜಿಗೆಯನ್ನು ತಂದುಕೊಟ್ಟು, “ನೀವು ನಮ್ಮ ಹುಡುಗನ ಮೇಷ್ಟ್ರಾ? ಅವನು ಹೆಂಗೆ ಓದ್ತಿದ್ದ ಬುದ್ಧೀ?” ಎಂದು ಕೇಳಿದಳು. ನಾನು ಚೆನ್ನಾಗಿ ಓದುತ್ತಿದ್ದನೆಂದು ಹೇಳಿದೆನು. ಅವನು ಓದುತ್ತಿದ್ದನೋ ಇಲ್ಲವೋ, ಅವನ ಬಣ್ಣ ಕಪ್ಪೋ ಬಿಳುಪೋ, ನನಗೆ ತಿಳಿಯದು. ಆ ಮಜ್ಜಿಗೆಯ ಋಣ ನನ್ನ ಮೇಲೆ ಇಂದಿಗೂ ಇದೆ.

ವ್ಯಾಕರಣ ಓದಿದವನಾದುದರಿಂದ ಇಲ್ಲಿ ಒಂದು ಮಾತು ಹೇಳಬೇಕು, ವಾಚಕರು ಸಹಿಸಿಕೊಳ್ಳಬೇಕು. ಕರ್ತೃವು ತನ್ನ ಕ್ರಿಯೆಯಿಂದ ಯಾವುದನ್ನು ಅತಿಶಯವಾಗಿ ಪಡೆಯಬಯಸುತ್ತಾನೋ ಅದಕ್ಕೆ ಪಾಣಿನಿಯು ‘ಕರ್ಮ’ವೆಂಬ ಹೆಸರನ್ನು ಕೊಟ್ಟಿದ್ದಾನೆ. ಒಬ್ಬನು ಊರಿಗೆ ಹೋಗುತ್ತಾನೆಂದರೆ ಊರು ಅವನ ಕರ್ಮ. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಆ ಮಹಾನುಭಾವನು ಮುಂದಿನ ಸೂತ್ರದಲ್ಲಿಯೇ, ಬಯಸದೆ ಇದ್ದರೂ ಅದೇ ರೀತಿಯಲ್ಲಿ ಕ್ರಿಯೆಗೆ ಒಳಪಟ್ಟದ್ದು ಸಹ ಕರ್ಮವೇ ಎಂದು ವಿಧಿಸಿದನು. ಇದಕ್ಕೆ ವ್ಯಾಖ್ಯಾನಕಾರರು ಕೊಡುವ ಉದಾಹರಣೆಯು ಬಹಳ ಸಾಧಾರಣವಾದುದು: ಊರಿಗೆ ಹೋಗುವವನು ದಾರಿಯಲ್ಲಿ ಹುಲ್ಲನ್ನು ಮುಟ್ಟುತ್ತಾನೆ. ಅವನು ಬಯಸಿದ್ದು ಊರನ್ನು. ಆದರೂ ಹುಲ್ಲು ಅವನ ಕರ್ಮ. ಹತ್ತು ಸಲ ಕಂಠಪಾಠ ಮಾಡಿದ್ದ ಈ ಎರಡು ಸೂತ್ರಗಳಲ್ಲಿ ಎರಡನೆಯದರ ಅರ್ಥವು ನನಗೆ ಆ ಹಳ್ಳಿಯಿಂದ ಹಿಂದಿರುಗುವ ಎರಡು ಮೈಲಿ ದಾರಿಯಲ್ಲಿ ಆಯಿತು. ನಾನು ಊರಿಗೆ ಹೊರಟವನು. ಆ ಮಕ್ಕಳು ಹುಲ್ಲು.

ಮಾರನೆಯ ದಿನ ಮುಖ್ಯೋಪಾಧ್ಯಾಯರು ನನಗೊಂದು ಚೀಟಿಯನ್ನು ಕೊಟ್ಟರು. ಅದರಲ್ಲಿ ಹನ್ನೊಂದು ಹೆಸರುಗಳಿದ್ದುವು. ಎಂಟನೆಯ ತರಗತಿಯಲ್ಲಿದ್ದು ಕನ್ನಡವನ್ನು ಕೂಡಿಸಿಕೊಂಡು ಓದಲಾರದ ಮಕ್ಕಳು ಇವರು. “ಬರುವ ದಸರೆಯ ಹೊತ್ತಿಗೆ ಇವರು ವೃತ್ತಪತ್ರಿಕೆಯ ಒಂದು ಕಾಲಮ್ಮನ್ನು ನಿಲ್ಲಿಸದೆ ಓದಬೇಕು. ಕಾಲೇಜಿಗೆ ಅರ್ಜಿ ಹಾಕಬೇಡಿ ಎಂದು ನಾನು ಹೇಳುವುದಿಲ್ಲ. ಹಾಕಿಕೊಳ್ಳಿ. ಇದನ್ನೂ ಮಾಡಿ” ಎಂದರು. ದಸರೆಗೆ ಏಳು ಮಂದಿ ಓದಿದರು. ಸಂಕ್ರಾಂತಿಗೆ ಒಂಬತ್ತು. ಇಬ್ಬರು ಕೊನೆಯವರೆಗೂ ಓದಲಿಲ್ಲ. ಅವರಲ್ಲಿ ಒಬ್ಬಳಿಗೆ ಕಣ್ಣಿನ ದೋಷವಿದ್ದಿತೆಂದು ಬಹಳ ತಡವಾಗಿ ತಿಳಿಯಿತು. ಈ ಕೆಲಸಕ್ಕೆ ನನ್ನ ಕೆಲವು ಪುಸ್ತಕಗಳು ಬೇಕಾದುವು. ಆಗ ಟ್ರಂಕಿನ ಹಗ್ಗವನ್ನು ಕತ್ತರಿಸಿದೆನು. ಗಂಟು ಬಿಚ್ಚಲಾರದಷ್ಟು ಬಿಗಿದಿದ್ದಿತು.

ಕಾಲೇಜಿನ ಕಾಗದವೂ ಬರದೆ ಹೋಗಲಿಲ್ಲ. ೧೯೯೪ರಲ್ಲಿ ಒಂದು ಸಂದರ್ಶನಕ್ಕೆ ಕರೆದರು. ಪಟ್ಟಿಯಲ್ಲಿ ನನ್ನದು ಎರಡನೆಯ ಹೆಸರು, ಇದ್ದದ್ದು ಒಂದು ಹುದ್ದೆ. ಮೂರು ನೋಟುಪುಸ್ತಕಗಳಷ್ಟು ಬರೆದಿಟ್ಟ ವಾಕ್ಯಪದೀಯದ ಟಿಪ್ಪಣಿಗಳು ಅದೇ ಟ್ರಂಕಿನಲ್ಲಿವೆ. ನನಗೆ ಅದರಿಂದ ದುಃಖವಾಗಲಿಲ್ಲವೆಂದರೆ ಸುಳ್ಳಾದೀತು. ಕೈಹಿಡಿದ ಕೆಲಸದಲ್ಲಿ ಸುಖವನ್ನು ಕಂಡವನಿಗೆ ಕೈಬಿಟ್ಟುಹೋದುದರ ನೆನಪೇ ಬರುವುದಿಲ್ಲವೆಂದು ಉಪದೇಶ ಮಾಡುವವರನ್ನು ನಾನು ನಂಬುವುದಿಲ್ಲ.

ಹಾಗೆಂದು ಗುರಿಯೇ ಇಲ್ಲದವನು ಕೆಲಸಕ್ಕೆ ಬೇಗ ಒಗ್ಗಿಕೊಂಡು ಸುಖಿಯಾಗುವನೆಂದು ಹೇಳಲೆ? ಅಂಥವರೊಬ್ಬರು ನಮ್ಮ ಶಾಲೆಯಲ್ಲಿಯೇ ಇದ್ದರು. ಸೇರಿದ ಆರು ತಿಂಗಳಿನಲ್ಲಿ ಊರಿನಲ್ಲೊಂದು ನಿವೇಶನ, ವರ್ಷದೊಳಗೆ ಎರಡು ಹಸು. ಅವರಷ್ಟು ಚೆನ್ನಾಗಿ ಹೊಂದಿಕೊಂಡವರನ್ನು ನಾನು ನೋಡಲಿಲ್ಲ. ಹೊಂದಿಕೊಂಡು ಹೊಂದಿಕೊಂಡು ಕೊನೆಗೆ ಪಾಠ ಮಾಡುವುದನ್ನೇ ಬಿಟ್ಟರು. ನನ್ನ ಕೋಣೆಯ ಪಕ್ಕದಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ಬಾಡಿಗೆಗೆ ಇದ್ದರು. ಅವರದು ಬೇರೆ ಬಗೆ. ಅವರಿಗೂ ಮೇಲೇರಬೇಕೆಂಬ ಗುರಿಯಿದ್ದಿತು. ಆದರೆ ಅದರ ದಾರಿಯು ಅವರು ದಿನಾಲೂ ಬರೆಯುತ್ತಿದ್ದ ರಿಜಿಸ್ಟರುಗಳ ಒಳಗಿನಿಂದಲೇ ಹೋಗುತ್ತಿದ್ದಿತು. ಅಕೌಂಟ್ಸ್ ಹೈಯರ್ ಎಂಬ ಇಲಾಖಾ ಪರೀಕ್ಷೆಗೆ ರಾತ್ರಿ ಓದಿದುದನ್ನು ಬೆಳಗ್ಗೆ ಕಚೇರಿಯ ಬಿಲ್ಲುಗಳಲ್ಲಿ ನೋಡುತ್ತಿದ್ದರು. ಹಗಲು ಬಿಲ್ಲಿನಲ್ಲಿ ಎಡವಿದುದನ್ನು ರಾತ್ರಿ ಪುಸ್ತಕದಲ್ಲಿ ಹುಡುಕುತ್ತಿದ್ದರು. ಗುರಿಯಿಂದಾಗಿ ಅವರಿಗೆ ಕೆಲಸವು ಹಗುರವಾಗುತ್ತಿದ್ದಿತು. ನನಗೆ ಗುರಿಯಿಂದಾಗಿಯೇ ಕೆಲಸವು ಭಾರವಾಗಿದ್ದಿತು. ಗುರಿಯ ಎತ್ತರದಲ್ಲಿ ನಮ್ಮಿಬ್ಬರಿಗೂ ಅಷ್ಟೇನೂ ವ್ಯತ್ಯಾಸವಿರಲಿಲ್ಲ, ದಾರಿಯಲ್ಲಿ ಇದ್ದಿತು.

ಇದೆಲ್ಲವೂ ತಿಳಿದಿದ್ದ ನಾನೇ ಮುಂದೆ ಒಬ್ಬ ಶಿಷ್ಯನಿಗೆ ಮಾಡಿದುದನ್ನು ಹೇಳದೆ ಈ ಲೇಖನವನ್ನು ಮುಂದುವರಿಸುವ ಹಾಗಿಲ್ಲ. ತಮ್ಮನಿಗೆ ‘ಆಗಲಿ’ ಎಂದಮೇಲೆ ನಿದ್ದೆ ಕೆಡಿಸಿದ್ದು ಅದೇ.

ಅವನು ನನ್ನ ಬಳಿ ಸಂಸ್ಕೃತ ಕಲಿತ ಹುಡುಗ. ಪದವಿ ಮುಗಿಸಿದ ಕೂಡಲೆ, ೨೦೦೩ರಲ್ಲಿ, ಒಂದು ಬ್ಯಾಂಕಿನಲ್ಲಿ ಗುಮಾಸ್ತನಾದನು. ಪೇಡೆಯ ಡಬ್ಬಿಯನ್ನು ಹಿಡಿದುಕೊಂಡು ನಮಸ್ಕಾರ ಮಾಡುವುದಕ್ಕೆ ಬಂದವನಿಗೆ ನಾನು, “ಇದು ನೀನು ನಿಲ್ಲತಕ್ಕ ಸ್ಥಳವಲ್ಲ ಕಣಯ್ಯ. ನಿನ್ನ ಬುದ್ಧಿಗೆ ಐ.ಎ.ಎಸ್. ಆಗಬೇಕು. ಅದೊಂದನ್ನು ಬಿಟ್ಟು ಬೇರೆಯದನ್ನು ನೋಡಬೇಡ” ಎಂದೆನು. ಮೇಷ್ಟರು ಹೀಗೆ ಹೇಳುವುದು ಲೋಕರೂಢಿ. ಹುಡುಗನು ಸಂತೋಷದಿಂದ ಹೋದನು. ನನಗೂ ಏನೋ ದೊಡ್ಡದನ್ನು ಮಾಡಿದಂತೆ ಆಯಿತು. ಅವನು ಆರು ವರ್ಷ ಓದಿದನು. ಎರಡು ಸಲ ಪ್ರಿಲಿಮ್ಸ್ ದಾಟಿದನು, ಮುಖ್ಯ ಪರೀಕ್ಷೆಯನ್ನು ದಾಟಲಿಲ್ಲ. ಈ ನಡುವೆ ಬ್ಯಾಂಕಿನಲ್ಲಿ ಆಫೀಸರ್ ಹುದ್ದೆಗೆ ಬಡ್ತಿ ಪರೀಕ್ಷೆ ಬಂದಾಗ, ಬಡ್ತಿಯಾದರೆ ವರ್ಗವಾಗುವುದು, ವರ್ಗವಾದರೆ ಓದು ಕೆಡುವುದು ಎಂದು ಕುಳಿತುಕೊಳ್ಳಲೇ ಇಲ್ಲ. ಅವನ ಜತೆಯಲ್ಲಿ ಸೇರಿದವರು ಆಫೀಸರುಗಳಾದರು.

೨೦೧೨ರಲ್ಲಿ ಅವನ ತಂಗಿಯ ಮದುವೆಯಲ್ಲಿ ಸಿಕ್ಕಿದನು. ಕೈಗೆ ತಾಂಬೂಲ ಕೊಟ್ಟು, ಪಕ್ಕದಲ್ಲಿ ಕುಳಿತು, ಯಾವ ಆಕ್ಷೇಪಣೆಯೂ ಇಲ್ಲದ ಧ್ವನಿಯಲ್ಲಿ, “ಮೇಷ್ಟ್ರೇ, ನೀವು ಹೇಳಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಪರೀಕ್ಷೆ ಎಂದಮೇಲೆ ಆಗುತ್ತದೆ, ಹೋಗುತ್ತದೆ. ಆದರೆ ಆ ಆರು ವರ್ಷ ನಾನು ಬ್ಯಾಂಕಿನಲ್ಲಿ ಇರಲೇ ಇಲ್ಲ. ಕೌಂಟರಿನ ಆಚೆ ನಿಂತವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ. ಈಗ ಕಲಿಯುತ್ತಾ ಇದ್ದೇನೆ” ಎಂದನು. ಅವನು ಬಯ್ದಿದ್ದರೆ ನಾನು ಸಮಾಧಾನ ಹೇಳಬಹುದಾಗಿತ್ತು. ಅಕ್ಟೋಬರಿನಲ್ಲಿ ಶಾಲೆ ಬಿಟ್ಟ ಹುಡುಗನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನೇ ಇವನ ಕೈಯಲ್ಲಿ ಆರು ವರ್ಷ ಮಾಡಿಸಿದ್ದೆನು.

ನನ್ನ ಸೊಸೆಯು ಇಲ್ಲಿಯ ಕಾಲೇಜೊಂದರಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಾಳೆ. ವರ್ಷತೊಡಕಿನ ಮಾರನೆಯ ಬೆಳಗ್ಗೆ ಕಾಫಿ ಕೊಡುವಾಗ ನನ್ನ ಮುಖವನ್ನು ನೋಡಿ ವಿಚಾರಿಸಿದಳು, ಹೇಳಿದೆನು. “ಮಾವ, ನೀವು ಒಬ್ಬರೇ ಇದನ್ನು ಯೋಚಿಸಿದವರೆಂದು ತಿಳಿದುಕೊಂಡಿದ್ದೀರಾ?” ಎಂದು ನಗುತ್ತಾ, ತನ್ನ ಪುಸ್ತಕಗಳಿಂದ ಕೆಲವು ಸಂಗತಿಗಳನ್ನು ಹೇಳಿದಳು. ಅವು ನನ್ನನ್ನು ಬೆರಗುಗೊಳಿಸಿದುವಾದುದರಿಂದ ಇಲ್ಲಿ ಬರೆಯುತ್ತೇನೆ.

ಕಚೇರಿಯ ಕೆಲಸವನ್ನು ಉದ್ದೇಶಗಳ ಮೂಲಕ ನಡೆಸಬೇಕೆಂಬ ಮಾತನ್ನು ಪ್ರಸಿದ್ಧಿಗೆ ತಂದವರು ಪೀಟರ್ ಡ್ರಕರ್ ಎಂಬವರು, ೧೯೫೪ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ. ಇಂದು ಬೆಂಗಳೂರಿನ ಹುಡುಗಿಯ ತೊಡೆಯ ಮೇಲಿದ್ದ ಫಾರಮ್ಮು ಆ ವಂಶದ್ದು. ೧೯೬೮ರಲ್ಲಿ ಎಡ್ವಿನ್ ಲಾಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು, “ನಿನ್ನಿಂದಾದಷ್ಟು ಮಾಡು” ಎನ್ನುವುದಕ್ಕಿಂತ, ಕಷ್ಟಸಾಧ್ಯವಾದರೂ ಇಷ್ಟೆಂದು ಖಚಿತವಾಗಿ ಹೇಳಿದ ಗುರಿಯಿಂದಲೇ ಹೆಚ್ಚು ಕೆಲಸವಾಗುತ್ತದೆಂದು ವಾದಿಸಿದರು. ಇದನ್ನು ೧೯೭೫ರಲ್ಲಿ ಗ್ಯಾರಿ ಲೇಥಮ್ ಮತ್ತು ಅವರ ಸಹೋದ್ಯೋಗಿಯೊಬ್ಬರು ಒಕ್ಲಹೋಮದ ಕಾಡಿನಲ್ಲಿ ಪರೀಕ್ಷಿಸಿದ ವರದಿಯಿದೆ. ಮರದ ದಿಮ್ಮಿಗಳನ್ನು ಸಾಗಿಸುವ ಲಾರಿಗಳವರು ಕಾನೂನು ಒಪ್ಪುವ ಭಾರದಲ್ಲಿ ನೂರಕ್ಕೆ ಸುಮಾರು ೬೦ರಷ್ಟನ್ನು ಮಾತ್ರ ತುಂಬುತ್ತಿದ್ದರು. ಆದಷ್ಟು ತುಂಬಿರೆಂದು ಹೇಳಿದುದರಿಂದ ಪ್ರಯೋಜನವಾಗಿರಲಿಲ್ಲ. ನೂರಕ್ಕೆ ೯೪ ತುಂಬಬೇಕೆಂದು ಗುರಿಯನ್ನಿಟ್ಟಾಗ, ಕೂಲಿಯನ್ನು ಹೆಚ್ಚಿಸದೆಯೇ, ಅದು ಸುಮಾರು ೯೦ಕ್ಕೆ ಏರಿತು. ನಮ್ಮ ಮುಖ್ಯೋಪಾಧ್ಯಾಯರಿಗೆ ಒಕ್ಲಹೋಮ ಎಲ್ಲಿದೆಯೆಂದು ತಿಳಿದಿರಲಿಲ್ಲ. ಆದರೂ ಅವರು ಕೊಟ್ಟ ಚೀಟಿಯಲ್ಲಿ ಹನ್ನೊಂದು ಎಂಬ ಸಂಖ್ಯೆಯೂ ದಸರೆ ಎಂಬ ಗಡುವೂ ಇದ್ದುವು.

“ಹಾಗಾದರೆ ಫಾರಮ್ಮಿನವರು ಹೇಳುವುದು ಸರಿಯಾಯಿತಲ್ಲ!” ಎಂದೆನು.

“ತಾಳಿ ಮಾವ. ಆ ಲಾರಿಯವರಿಗೆ ತುಂಬುವ ಕೆಲಸ ಗೊತ್ತಿತ್ತು” ಎಂದಳು.

ಮುಂದಿನದು ನಾನು ಕೆಲಸಕ್ಕೆ ಸೇರಿದ ವರ್ಷವೇ, ೧೯೮೯ರಲ್ಲಿಯೇ, ಪ್ರಕಟವಾದುದು. ರೂತ್ ಕ್ಯಾನ್ಫರ್ ಮತ್ತು ಫಿಲಿಪ್ ಅಕರ್ಮನ್ ಎಂಬ ಇಬ್ಬರು ಅಮೆರಿಕದ ವಾಯುಸೇನೆಗೆ ಹೊಸದಾಗಿ ಸೇರಿದವರಿಗೆ, ವಿಮಾನಗಳ ಸಂಚಾರವನ್ನು ನಿಯಂತ್ರಿಸುವುದನ್ನು ಹೋಲುವ ಒಂದು ಕೆಲಸವನ್ನು ಕಲಿಸಿ ನೋಡಿದರು. ಕಲಿಕೆಯ ಆರಂಭದಲ್ಲಿಯೇ ಇಷ್ಟು ಸಾಧಿಸಬೇಕೆಂದು ಗುರಿಯನ್ನು ಹೊರಿಸಿದರೆ ಕೆಲಸವು ಕೆಡುತ್ತಿದ್ದಿತು; ಕೆಲಸವು ಕೈಗೆ ಹತ್ತಿದ ತರುವಾಯ ಅದೇ ಗುರಿಯನ್ನು ಕೊಟ್ಟರೆ ಅನುಕೂಲವಾಗುತ್ತಿದ್ದಿತು. ಇದಕ್ಕೆ ಅವರು ಕೊಟ್ಟ ಕಾರಣವನ್ನು ಕೇಳಿ ನಾನು ಕಾಫಿಯ ಲೋಟವನ್ನು ಕೆಳಗಿಟ್ಟೆನು. ಮನುಷ್ಯನಿಗಿರುವ ಗಮನವು ಮಿತವಾದುದು. ಹೊಸ ಕೆಲಸವನ್ನು ಕಲಿಯುವುದಕ್ಕೆ ಅದೆಲ್ಲವೂ ಬೇಕು. ಗುರಿಯನ್ನು ಮುಟ್ಟಿದೆನೋ ಇಲ್ಲವೋ ಎಂದು ಅಳೆದುಕೊಳ್ಳುವುದರಲ್ಲಿಯೇ ಆ ಗಮನದ ಒಂದು ಭಾಗ ಖರ್ಚಾಗಿ ಹೋಗುತ್ತದೆ. ಲಕ್ಷ್ಯವೇ ಲಕ್ಷ್ಯವನ್ನು ತಿನ್ನುತ್ತದೆ ಎಂದಂತಾಯಿತು. ಕನ್ನಡದಲ್ಲಿ ಒಂದೇ ಶಬ್ದದಲ್ಲಿದ್ದುದನ್ನು ಅವರು ವಿಮಾನಗಳನ್ನಿಟ್ಟುಕೊಂಡು ಕಂಡುಹಿಡಿಯಬೇಕಾಯಿತು!

ಸೊಸೆಯು ಮತ್ತೊಂದನ್ನೂ ಹೇಳಿದಳು. ಮಿನ್ನೆಸೋಟ ವಿಶ್ವವಿದ್ಯಾನಿಲಯದ ಡೇವಿಸ್, ಲೋಫ್‌ಕ್ವಿಸ್ಟ್ ಮುಂತಾದವರು ೧೯೬೪ರಲ್ಲಿ ರೂಪಿಸಿದ ಸಿದ್ಧಾಂತದಂತೆ ಉದ್ಯೋಗಕ್ಕೆ ಒಗ್ಗಿಕೊಳ್ಳುವುದೆಂದರೆ ಒಂದಲ್ಲ, ಎರಡು: ಕೆಲಸದಿಂದ ಮನುಷ್ಯನಿಗೆ ತೃಪ್ತಿಯಾಗಬೇಕು, ಮನುಷ್ಯನಿಂದ ಕೆಲಸಕ್ಕೂ ತೃಪ್ತಿಯಾಗಬೇಕು. ಎರಡು ಹಸು ಕಟ್ಟಿದ ನಮ್ಮ ಸಹೋದ್ಯೋಗಿಗಳಿಗೆ ಮೊದಲನೆಯದು ಸಂಪೂರ್ಣವಾಗಿ ಆಗಿದ್ದಿತು. ನನ್ನ ಮೊದಲ ಎರಡು ವರ್ಷಗಳಲ್ಲಿ ಎರಡೂ ಇರಲಿಲ್ಲ.

ಆ ಮಧ್ಯಾಹ್ನ ಊಟವಾದಮೇಲೆ ಹುಡುಗಿಯನ್ನು ಕರೆದು ಕುಳ್ಳಿರಿಸಿಕೊಂಡೆನು. ಫಾರಮ್ಮಿನಲ್ಲಿ ಏನು ಬರೆದೆಯೆಂದು ಕೇಳಿದೆನು.

“ಐದು ವರ್ಷದಲ್ಲಿ ಟೀಮ್ ಲೀಡ್ ಆಗುತ್ತೇನೆ ಎಂದು.”

“ನಿನಗೆ ಆಗಬೇಕೆ?”

“ಎಲ್ಲರೂ ಅದನ್ನೇ ಬರೆಯುತ್ತಾರೆ ದೊಡ್ಡಪ್ಪ.”

“ಈಗ ನಿನಗೆ ನಿದ್ದೆ ಕೆಡಿಸುವುದು ಯಾವುದು? ಐದು ವರ್ಷದ ಮಾತೋ, ನಾಳೆಯ ಮಾತೋ?”

ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಒಂದೊಂದಾಗಿ ಹೊರಗೆ ಬಂದುವು. ಬೇರೆಯವರು ಎಂದೋ ಬರೆದಿಟ್ಟ ಪ್ರೋಗ್ರಾಮುಗಳನ್ನು ಅವಳು ತಿದ್ದಬೇಕು. ಬರೆದವರು ಕೆಲಸ ಬಿಟ್ಟುಹೋಗಿದ್ದಾರೆ. ಅದರ ಅರ್ಧ ಅವಳಿಗೆ ಅರ್ಥವಾಗುವುದಿಲ್ಲ. ಸಂಜೆಯ ಹೊತ್ತು ವಿದೇಶದವರೊಡನೆ ಸಭೆ ನಡೆಯುತ್ತದೆ; ಅವರ ಉಚ್ಚಾರಣೆ ತಿಳಿಯುವುದಿಲ್ಲ; ತಿಳಿಯಿತೆಂದು ತಲೆಯಾಡಿಸಿ ರಾತ್ರಿಯೆಲ್ಲ ಊಹೆ ಮಾಡುತ್ತಾಳೆ. ಯಾರನ್ನು ಕೇಳಬೇಕೆಂಬುದೇ ಗೊತ್ತಿಲ್ಲ. ಕೇಳಿದರೆ, ಟೀಮ್ ಲೀಡ್ ಆಗುತ್ತೇನೆಂದು ಬರೆದವಳಿಗೆ ಇಷ್ಟೂ ಬಾರದೆ ಎಂದಾರು. ಒಂಬತ್ತು ತಿಂಗಳಿಂದಲೂ ಆ ಹುಡುಗಿ ಐದು ವರ್ಷದ ಮುಂದಿನ ಕುರ್ಚಿಯಲ್ಲಿ ಕುಳಿತು ಇಂದಿನ ತನ್ನನ್ನು ಅಣಕಿಸಿಕೊಳ್ಳುತ್ತಿದ್ದಳು.

“ಹಾಗಾದರೆ ಫಾರಮ್ಮಿನಲ್ಲಿ ಇದನ್ನೇ ಬರೆ. ಈ ವರ್ಷ ಇಂತಿಂಥದನ್ನು ಕಲಿಯುತ್ತೇನೆ ಎಂದು ಬರೆ” ಎಂದೆನು.

“ಬರೆದರೆ ದಡ್ಡಿ ಎನ್ನುತ್ತಾರೆ ದೊಡ್ಡಪ್ಪ. ಇದನ್ನು ನೋಡಿಯೇ ಮುಂದಿನ ವರ್ಷ ಸಂಬಳ ಹೆಚ್ಚಿಸುವುದು.”

ಈ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಯಾವ ಕಾಗದದ ಮೇಲೆ ಬರೆದುದನ್ನು ನೋಡಿ ಸಂಬಳವನ್ನು ಗೊತ್ತುಮಾಡುವರೋ ಆ ಕಾಗದದ ಮೇಲೆ ಯಾರೂ ನಿಜವನ್ನು ಬರೆಯಲಾರರು. ಲಾಕ್ ಮಹಾಶಯರೂ ಬರೆಯಲಾರರು. ಕೊನೆಗೆ ನಾನು, “ಹಾಗಾದರೆ ಎರಡು ಕಾಗದ ಇಟ್ಟುಕೋ. ಒಂದು ಅವರಿಗೆ, ಒಂದು ನಿನಗೆ” ಎಂದೆನು. “ಅಂದರೆ ಎರಡು ಲೆಕ್ಕದ ಪುಸ್ತಕ! ಮೇಷ್ಟರಾಗಿ ಇದನ್ನಾ ಹೇಳಿಕೊಡುವುದು?” ಎಂದು ಅವಳು ನಕ್ಕಳು. ಬಂದ ಮೂರು ದಿನಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

ನನ್ನ ಹಳೆಯ ಹಾಜರಿ ಪುಸ್ತಕದ ಕೊನೆಯ ಹಾಳೆಯನ್ನು ಹರಿದುಕೊಟ್ಟೆನು. ಅವಳು ಅದರಲ್ಲಿ ನಾಲ್ಕು ಸಾಲುಗಳನ್ನು ಬರೆದುಕೊಂಡಳು. ಪ್ರತಿಯೊಂದು ಸಭೆಯಲ್ಲಿಯೂ ಒಂದು ಸಲವಾದರೂ “ನನಗೆ ತಿಳಿಯಲಿಲ್ಲ, ಮತ್ತೊಮ್ಮೆ ಹೇಳಿ” ಎಂದು ಕೇಳತಕ್ಕದ್ದು ಎಂಬುದು ಮೊದಲನೆಯದು. ಆಷಾಢದೊಳಗೆ ಆ ಹಳೆಯ ಪ್ರೋಗ್ರಾಮುಗಳಲ್ಲಿ ಯಾವುದಾದರೂ ಒಂದನ್ನು ಪೂರ್ತಿಯಾಗಿ ಅರ್ಥಮಾಡಿಕೊಂಡು ಮತ್ತೊಬ್ಬರಿಗೆ ವಿವರಿಸುವಂತಾಗಬೇಕು ಎಂಬುದು ಎರಡನೆಯದು. ಮೂರನೆಯದನ್ನು ನನಗೆ ತೋರಿಸಲಿಲ್ಲ. ನಾಲ್ಕನೆಯದನ್ನು ಬರೆಯುವ ಮುನ್ನ, “ಬಿಡುವುದೋ ಇರುವುದೋ ಎಂದು ದಿನವೂ ಯೋಚಿಸಿ ಸಾಕಾಗಿದೆ ದೊಡ್ಡಪ್ಪ. ಅದಕ್ಕೂ ಒಂದು ದಿನ ಇಡಲೆ?” ಎಂದು ಕೇಳಿದಳು. ಇಡು ಎಂದೆನು. ಗೌರೀಹಬ್ಬದ ದಿನವನ್ನು ಇಟ್ಟುಕೊಂಡಳು. ಅಲ್ಲಿಯವರೆಗೆ ಆ ಯೋಚನೆಯನ್ನು ಮಾಡತಕ್ಕದ್ದಲ್ಲ. ಅಂದು ತವರಿಗೆ ಬಂದಾಗ ಕುಳಿತು ತೀರ್ಮಾನ ಮಾಡತಕ್ಕದ್ದು.

ತಮ್ಮನಿಗೆ ಇದು ಹಿಡಿಸಲಿಲ್ಲ. “ಬಿಡಬೇಡ ಎಂದು ಒಂದು ಮಾತು ಹೇಳುವುದಕ್ಕೆ ನಿನಗೇನಾಗಿತ್ತು ಅಣ್ಣಾ? ನೀನೇ ಅವಳಿಗೆ ತಾರೀಖು ಗೊತ್ತುಮಾಡಿಕೊಟ್ಟಂತಾಯಿತು” ಎಂದು ಎರಡು ವಾರ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಅವನ ಭಯ ನನಗೆ ತಿಳಿಯದ್ದಲ್ಲ. ಸಾಲದ ಕಂತನ್ನು ಕಟ್ಟುವವನು ಅವನು. ನಾನು ಬರಿಯ ಹಾಳೆ ಹರಿದುಕೊಟ್ಟವನು. ಆದರೂ ಒಬ್ಬ ಹುಡುಗನಿಗೆ ‘ಇಲ್ಲಿ ನಿಲ್ಲಬೇಡ’ ಎಂದು ಹೇಳಿ ಕಂಡಿದ್ದ ನಾನು, ಈ ಹುಡುಗಿಗೆ ‘ಇಲ್ಲಿಯೇ ನಿಲ್ಲು’ ಎಂದು ಹೇಳುವ ಧೈರ್ಯವನ್ನು ಎಲ್ಲಿಂದ ತರಲಿ?

ಆಷಾಢದಲ್ಲಿ ಒಂದು ರಾತ್ರಿ ಅವಳು ದೂರವಾಣಿಯಲ್ಲಿ ಸಿಕ್ಕಿದಳು. ಸಭೆಯಲ್ಲಿ ಮೊದಲನೆಯ ಸಲ ತಿಳಿಯಲಿಲ್ಲವೆಂದು ಕೇಳಿದಾಗ ಗಂಟಲು ಒಣಗಿತಂತೆ. ಅವಳಿಗಿಂತ ಎರಡು ವರ್ಷ ಮೊದಲು ಸೇರಿದ ಒಬ್ಬನು ಸಭೆಯಾದಮೇಲೆ ಬಂದು, ತನಗೂ ಅದು ತಿಳಿದಿರಲಿಲ್ಲವೆಂದು ಹೇಳಿದನಂತೆ. ಹಳೆಯ ಪ್ರೋಗ್ರಾಮು ಇನ್ನೂ ಮುಗಿದಿಲ್ಲ, ಮುಕ್ಕಾಲು ಆಗಿದೆ. ನಿದ್ದೆ ಹೇಗಿದೆ ಎಂದು ಕೇಳಿದೆನು. “ಕೆಲವು ದಿನ ಬರುತ್ತದೆ” ಎಂದಳು. ಕೆಲಸದ ವಿಷಯವನ್ನು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ, ಒಪ್ಪಂದವು ಹಾಗಿದ್ದಿತಷ್ಟೆ.

ನಿನ್ನೆ ತಮ್ಮನು ಬಂದಿದ್ದನು. ಹೆಂಡತಿಯು ಬಾಗಿನಕ್ಕೆ ಮೊರಗಳನ್ನು ತರಿಸಬೇಕೆಂದು ಹೇಳುತ್ತಿದ್ದುದನ್ನು ಕೇಳುತ್ತಾ ಕುಳಿತಿದ್ದವನು ಇದ್ದಕ್ಕಿದ್ದ ಹಾಗೆ ನನ್ನ ಕಡೆಗೆ ತಿರುಗಿ, “ಅಣ್ಣಾ, ಅವಳು ಏನು ಮಾಡುತ್ತಾಳೆ? ನಿನಗೇನಾದರೂ ಹೇಳಿದಳೆ?” ಎಂದನು. ಹೇಳಿಲ್ಲವೆಂದೆನು. ಅವನು ಗೋಡೆಯ ಮೇಲಿದ್ದ ಪಂಚಾಂಗವನ್ನು ತೆಗೆದು ಎಣಿಸಿದನು. ಗೌರೀಹಬ್ಬಕ್ಕೆ ಇನ್ನು ಹದಿನೇಳು ದಿನಗಳಿವೆ.